ಹಿತ್ತಿಲ ಬಾಗಿಲು ಮುಚ್ಚಿದ ದಿನ

ಲೋಬಾನದ ಹೊಗೆ ನೆಟ್ಟಗೆ ಏಳಲಿಲ್ಲ. ಕೆಂಡದ ಮೇಲೆ ಬಿದ್ದ ಪುಡಿ ಚಟಗುಟ್ಟಿತು, ಹೊಗೆ ಬೆಳ್ಳಗೆ ಒಂದು ಗೇಣು ಎದ್ದಿತು, ಆಮೇಲೆ ಯಾರೋ ಜುಟ್ಟು ಹಿಡಿದು ಎಳೆದಂತೆ ಒಂದೇ ಕಡೆಗೆ ಬಾಗಿ, ಗೋಡೆ ಹತ್ತಿ, ಹೆಂಚಿನ ಸಂದಿಯಲ್ಲಿ ಮಾಯವಾಯಿತು. ಮಾರಕ್ಕ ಧೂಪದ ಬಟ್ಟಲನ್ನು ಮಂಚದ ತಲೆಯ ಕಡೆ ಇಟ್ಟು ನೋಡಿದಳು, ಕಾಲಿನ ಕಡೆ ಇಟ್ಟು ನೋಡಿದಳು. ಎಲ್ಲಿಟ್ಟರೂ ಹೊಗೆಗೆ ಅದೇ ದಾರಿ.

"ಅದೇನ್ ಹಂಗೆ ನೋಡ್ತಿದ್ದೀಯೆ ಮಾರಕ್ಕ? ಶಕುನ ಕೇಳ್ತಿದ್ದೀಯಾ?" ನಡುಮನೆಯ ಕಡೆಯ ಬಾಗಿಲಲ್ಲಿ ನಿಂತು ಅಮ್ಮಯಮ್ಮ ಕೇಳಿದಳು.

"ಶಕುನ ಅಲ್ಲ ಕಣವ್ವ, ಕಳ್ಳನ್ನ ಹುಡುಕ್ತಿದೀನಿ. ಮೂರು ಹೊತ್ತೂ ಅಗ್ಗಿಷ್ಟಿಕೆ ತುಂಬಾ ಕೆಂಡ ಇಕ್ತೀರ. ಕೂಸಿನ ಕಾಲು ಮುಟ್ಟಿದ್ರೆ ಕಪ್ಪೆ ಮುಟ್ಟಿದಂಗೆ ಐತೆ. ಅಷ್ಟು ಕೆಂಡದ ಬಿಸಿ ಯಾರು ತಿಂದ್ರು?" ಮಾರಕ್ಕ ಮೇಲಕ್ಕೆ ಬೆರಳು ತೋರಿಸಿದಳು. "ಅಲ್ನೋಡಿ. ನೀವು ಬಾಣಂತನ ಮಾಡ್ತಿರೋದು ಮಗಳಿಗಲ್ಲ, ಆಕಾಶಕ್ಕೆ."

ಮಂಚದ ಮೇಲಿದ್ದ ಭಾಗ್ಯಮ್ಮ ನಗಲು ಹೋದಳು. ನಗು ಅರ್ಧಕ್ಕೆ ಅಳುವಾಯಿತು. ಕೂಸು ಹುಟ್ಟಿ ಮೂರು ದಿನ. ಎಂಟು ತಿಂಗಳಿಗೇ ಹುಟ್ಟಿದ ಹೆಣ್ಣು ಕೂಸು, ಮೊಲೆ ಹೀರಲು ಬಾರದು, ಅಳಲು ತ್ರಾಣವಿಲ್ಲ. ಏಳಕ್ಕೆ ಹುಟ್ಟಿದ್ದು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂದು ಬಂದುಹೋದ ಹೆಂಗಸರೆಲ್ಲ ಬಾಯಿಗೆ ಸೆರಗು ಮುಚ್ಚಿಕೊಂಡೇ ಹೇಳಿ ಹೋಗಿದ್ದರು. ಎರಡು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ಇದೇ ಪುಷ್ಯದ ಚಳಿಯಲ್ಲಿ, ಭಾಗ್ಯಮ್ಮನ ಚೊಚ್ಚಲ ಕೂಸು ಒಂಬತ್ತನೆಯ ದಿನ ಬೆಳಗಿನ ಜಾವ ತಣ್ಣಗಾಗಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿಕೊಟ್ಟವಳೂ ಮಾರಕ್ಕನೇ.

ಮಾರಕ್ಕ ಆ ಊರಿನ ಸೂಲಗಿತ್ತಿ. ಕೇರಿಯವಳು. ಹೆರಿಗೆಯಾದ ಮನೆಗೆ ಹತ್ತು ದಿನ ಪುರುಡು. ಬಾಣಂತಿಯ ಕೋಣೆ ಹೇಗೂ ಮೈಲಿಗೆಯಾದ್ದರಿಂದ ಆ ಹತ್ತು ದಿನ ಮಾರಕ್ಕ ಅದರೊಳಗೆ ಬರಬಹುದು. ಹಿತ್ತಿಲ ಬಾಗಿಲಿಂದ, ಆ ಕೋಣೆಗೆ ಮಾತ್ರ. ಹನ್ನೊಂದನೆಯ ದಿನ ಮನೆ ಸಾರಿಸಿ, ಮಿಂದು ಪುರುಡು ಕಳೆದರೆ ಆಕೆಗೊಂದು ಸೀರೆ, ಒಂದು ಮೊರ ರಾಗಿ. ಅಲ್ಲಿಗೆ ಮುಗಿಯಿತು. ಹೊಕ್ಕುಳಬಳ್ಳಿ ಕುಯ್ಯುವಾಗ ಇಲ್ಲದ ಮೈಲಿಗೆ ಹನ್ನೊಂದನೆಯ ದಿನ ಆ ಕೈಗೆ ಎಲ್ಲಿಂದ ಅಂಟುತ್ತದೆ ಎಂದು ಊರಿನಲ್ಲಿ ಯಾರೂ ಕೇಳಿರಲಿಲ್ಲ. ಮಾರಕ್ಕ ಕೇಳಿದ್ದಳು, ತನ್ನನ್ನೇ ತಾನು, ಮೂವತ್ತು ವರ್ಷದಿಂದ.

ಆದರೆ ಈಗ ಅವಳ ತಲೆಯಲ್ಲಿದ್ದದ್ದು ಬೇರೆ ಪ್ರಶ್ನೆ. ಈ ಭಾಗ್ಯಮ್ಮನೂ ಹುಟ್ಟಿದ್ದು ಇದೇ ಕೋಣೆಯಲ್ಲಿ, ಪುಷ್ಯದಲ್ಲೇ, ಇಷ್ಟೇ ಸಣ್ಣಗೆ, ಇದೇ ಕೈಗೆ. ಅವಳು ಉಳಿದಳಲ್ಲ? ಕೋಣೆ ಅದೇ, ಚಳಿ ಅದೇ. ಬದಲಾದದ್ದು ಏನು?

ಬದಲಾದದ್ದು ಮೇಲಿತ್ತು. ಮೂರು ವರ್ಷದ ಹಿಂದಿನವರೆಗೂ ಈ ಮನೆ ಮಣ್ಣಿನ ಮಾಳಿಗೆಯದು. ತೋಳಿನಷ್ಟು ದಪ್ಪದ ಜಂತೆ, ಅದರ ಮೇಲೆ ತಂಗಡಿ ಸೊಪ್ಪು, ಅದರ ಮೇಲೆ ಮೊಳದಷ್ಟು ಮಣ್ಣು. ಮನೆಯ ಯಜಮಾನ ಗೋಪಾಲಪ್ಪ ಬೆಂಗಳೂರಿನ ದಂಡಿಗೆ ತರಕಾರಿ ಹಾಕಲು ಹೋಗಿ ಬಂದವನು, ಅಲ್ಲಿಯ ಬಂಗಲೆಗಳನ್ನು ಕಂಡು ಬಂದ. ಯುದ್ಧದ ಕಾಲ, ಸೀಮೆಎಣ್ಣೆಯೂ ಇಲ್ಲ, ಪೆಟ್ರೋಲೂ ಇಲ್ಲ. ಹೊಸಕೋಟೆ ರಸ್ತೆಯ ಬಸ್ಸುಗಳೆಲ್ಲ ಬೆನ್ನಿಗೆ ಡಬ್ಬ ಕಟ್ಟಿಕೊಂಡು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಇದ್ದಿಲಿಗೆ ಬಂಗಾರದ ಬೆಲೆ. ಗೋಪಾಲಪ್ಪ ತೋಪಿನ ಹೊಂಗೆ ಕಡಿಸಿದ, ಹುಣಸೆ ಕಡಿಸಿದ, ಆಮೇಲೆ ಮಾಳಿಗೆಯ ಜಂತೆಯನ್ನೂ ಇಳಿಸಿ ಮಾರಿದ. ಕೋಣೆಯ ಬೆನ್ನಿಗೆ ಒತ್ತಿಕೊಂಡಿದ್ದ ದನದ ಕೊಟ್ಟಿಗೆಯನ್ನು ವಾಸನೆ ಬರುತ್ತದೆಂದು ಕಿತ್ತು ಹೊಲದ ಕಡೆ ಹಾಕಿಸಿದ. ಅದರ ಕಂಬವೂ ಇದ್ದಿಲಾಯಿತು. ತಲೆಯ ಮೇಲೆ ಕೆಂಪಗೆ ಮಂಗಳೂರು ಹೆಂಚು ಬಂತು. ಸಮೇತನಹಳ್ಳಿಯಿಂದೆಲ್ಲ ಜನ ಬಂದು ನೋಡಿ ಹೋದರು. ಹೆಂಚು ಬೇಸಿಗೆಯಲ್ಲಿ ಬಿಸಿಲಿಗೆ ಅಡ್ಡಿಯಲ್ಲ, ಮಾಗಿಯಲ್ಲಿ ಗಾಳಿಗೆ ಅಡ್ಡಿಯಲ್ಲ. ಊರಿನ ಮರವೆಲ್ಲ ಬಸ್ಸಿನ ಹೊಟ್ಟೆ ಸೇರಿದ ಮೇಲೆ, ಊರಿಗೇ ದೊಡ್ಡ ಮನೆಯಲ್ಲಿ ಬಾಣಂತಿಯ ಬೆಂಕಿಗೆ ಸೌದೆಯನ್ನು ಎಣಿಸಿ ಇಡುವ ಕಾಲ ಬಂದಿತ್ತು.

"ನಮ್ಮ ಗುಡ್ಲಲ್ಲಿ ಮೂರು ಕಡ್ಡಿ ಉರಿಸಿದ್ರೆ ಬೆಳಗಿನ ತಂಕ ಬೆಚ್ಚಗಿರ್ತದೆ ಕಣವ್ವ," ಎಂದಳು ಮಾರಕ್ಕ. "ಯಾಕೆ ಗೊತ್ತಾ? ನಿಮ್ಮ ಮಾಳಿಗೆ ಮಣ್ಣು ನಮ್ಮ ಗೋಡೇಲೈತೆ."

ಮರುದಿನ ಅವಳು ಹಿತ್ತಿಲಲ್ಲಿ ಹಲ್ಲುಜ್ಜುತ್ತಿದ್ದ ಗೋಪಾಲಪ್ಪನನ್ನು ದೂರದಲ್ಲೇ ನಿಂತು ಕೇಳಿದಳು. ಗೋಡೆಯಲ್ಲಿ ಹಳೆಯ ಜಂತೆಯ ಗೂಡುಗಳು ಹಾಗೇ ಬಾಯಿ ತೆರೆದುಕೊಂಡಿವೆ. ಅದಕ್ಕೆ ಬಿದಿರ ಗಳ ಕೊಟ್ಟು, ಮೇಲೆ ತಟ್ಟಿ ಹಾಸಿ, ರಾಗಿಹುಲ್ಲು ಹರಡಿ, ನಾಲ್ಕು ಬೆರಳು ಮಣ್ಣು ಕೊಟ್ಟರೆ ಕೋಣೆಗೊಂದು ಅಟ್ಟವಾಗುತ್ತದೆ. ಬಿಸಿ ಕೆಳಗೇ ನಿಲ್ಲುತ್ತದೆ.

"ಮಣ್ಣು ಎಲ್ಲಿಂದ ತರ್ತೀಯಾ?"

"ಹೊಸ ಮಣ್ಣು ಆಗಲ್ಲ ಬುದ್ಧಿ, ಗೆದ್ದಲು ಹತ್ತುತ್ತೆ, ಉದುರುತ್ತೆ. ಹಳೇ ಮಾಳಿಗೆ ಮಣ್ಣೇ ಬೇಕು. ನಮ್ಮ ಕೇರಿ ಹಳ್ಳದ ಪಕ್ಕ ಇನ್ನೂ ಒಂದು ಗುಡ್ಡೆ ಐತೆ."

ಗೋಪಾಲಪ್ಪ ಬಾಯಲ್ಲಿದ್ದ ಬೇವಿನ ಕಡ್ಡಿ ಉಗಿದ. "ಕೇರಿ ಮಣ್ಣು ತಂದು ನನ್ನ ಮನೇಲಿ ಹಾಕ್ತೀಯಾ?"

"ನಿಮ್ಮದೇ ಮಣ್ಣು ಬುದ್ಧಿ. ನಿಮ್ಮ ತಾತ ಹಾಕಿಸಿದ್ದು. ನೀವೇ ಗಾಡೀಲಿ ತಂದು ಸುರಿಸಿದ್ರಿ. ಮೂರು ವರ್ಷ ನಮ್ಮತ್ರ ಇತ್ತು, ಅಷ್ಟೇ."

"ನಿಮ್ಮತ್ರ ಇದ್ಮೇಲೆ ಅದು ನನ್ನದು ಹೆಂಗಾಯ್ತದೆಯೇ?"

"ಹಂಗಾದ್ರೆ ನಮ್ಮದು ಅಂತಲೇ ಅಂದ್ಕೊಳ್ಳಿ. ನಾವು ಕೊಡ್ತಿದೀವಿ."

ಕೇರಿಯವರಿಂದ ಈಸಿಕೊಂಡು ಗೋಪಾಲಪ್ಪನಿಗೆ ಅಭ್ಯಾಸವಿರಲಿಲ್ಲ. ಅವನು ಬಾಯಿ ಮುಕ್ಕಳಿಸಿದ, ಮತ್ತೊಮ್ಮೆ ಮುಕ್ಕಳಿಸಿದ. ಒಳಗಿನಿಂದ ಕೂಸಿನ ಕೀಚಲು ದನಿ ಒಂದು ಸಲ ಕೇಳಿ ನಿಂತಿತು. "ಏನಾದ್ರೂ ಮಾಡ್ಕಳಿ. ಊರಲ್ಲಿ ಬಾಯಿ ಬಿಡ್ಬೇಡ," ಎಂದು ಹೊರಟುಹೋದ.

ಮಾರಕ್ಕನ ಗಂಡ ಜವರಪ್ಪ ಗೋಪಾಲಪ್ಪನ ಹೊಲವನ್ನೇ ಬೆಳೆಯ ಪಾಲಿಗೆ, ವಾರಕ್ಕೆ ಉಳುವವನು. ಅವನು ಬಿದಿರು, ತಟ್ಟಿ, ಮಣ್ಣು ತಂದು ಹಿತ್ತಿಲಲ್ಲಿ ಇಳಿಸಿದ. ಒಳಗೆ ಬರುವ ಹಾಗಿಲ್ಲ. ಪುರುಡು ಗಂಡಸಿಗೆ ಆ ಬಾಗಿಲನ್ನೂ ತೆರೆಯುವುದಿಲ್ಲ. ಐವತ್ತು ದಾಟಿದ ಮಾರಕ್ಕ ಒಬ್ಬಳೇ ಏಣಿ ಹತ್ತಿದಳು. ಮಂಚವನ್ನು ಒಂದು ಮೂಲೆಗೆ ಎಳೆದು, ಬಾಣಂತಿಯ ಮೇಲೆ ಕಂಬಳಿ ಮರೆ ಕಟ್ಟಿ, ಅರ್ಧ ಕೋಣೆಗೆ ಅಟ್ಟ ಹಾಕಿದಳು. ಮಂಚ ಆ ಕಡೆಗೆ ಎಳೆದು ಉಳಿದರ್ಧ ಹಾಕಿದಳು. ಮಣ್ಣಿಗೆ ನೀರು ಬೆರೆಸಲಿಲ್ಲ. ತಲೆಯ ಮೇಲೆ ಹಸಿ ಮಣ್ಣಿದ್ದರೆ ಅದೇ ಒಂದು ಚಳಿ. ಮೊದಲ ದಿನ ಅಮ್ಮಯಮ್ಮ ದೂರ ನಿಂತು ನೋಡಿದಳು. ಎರಡನೆಯ ದಿನ ಮಣ್ಣಿನ ಬುಟ್ಟಿಯನ್ನು ಏಣಿಯ ಬುಡಕ್ಕೆ ತಂದಿಟ್ಟಳು. ಮೂರನೆಯ ದಿನ ಬುಟ್ಟಿಯನ್ನು ಕೈಯಿಂದ ಕೈಗೇ ಕೊಟ್ಟಳು. ಇಬ್ಬರ ತಲೆಗೂದಲೂ ಒಂದೇ ಬಣ್ಣಕ್ಕೆ ತಿರುಗಿದಾಗ ಭಾಗ್ಯಮ್ಮ, "ಅವ್ವಾ, ನೀವಿಬ್ರೂ ಓರಗಿತ್ತೀರ ಇದ್ದಂಗೆ ಕಾಣ್ತೀರ," ಎಂದಳು. ಅಮ್ಮಯಮ್ಮ ಮಗಳನ್ನು ಗದರಲಿಲ್ಲ. ನಗಲೂ ಇಲ್ಲ.

ಅಟ್ಟ ಮುಗಿಯಿತು. ಏಳನೆಯ ದಿನ ಬೆಳಿಗ್ಗೆ ಮಾರಕ್ಕ ಮತ್ತೆ ಲೋಬಾನ ಹಾಕಿದಳು. ಹೊಗೆ ಈಗ ಮೇಲಕ್ಕೆ ಓಡಿಹೋಗಲಿಲ್ಲ. ಆದರೂ ನೆಟ್ಟಗಿರಲಿಲ್ಲ, ನೆಲದ ಮಟ್ಟದಲ್ಲೇ ನಡುಗಿ, ಹರಿದು, ಮಂಚದ ಕೆಳಗೆ ನುಗ್ಗುತ್ತಿತ್ತು. ಕೂಸಿನ ಉಗುರು ಇನ್ನೂ ನೀಲಿ. ಮಾರಕ್ಕ ಬಟ್ಟಲು ಹಿಡಿದು ಗಾಳಿ ಬಂದ ದಾರಿಯಲ್ಲೇ ಹಿಮ್ಮುಖವಾಗಿ ನಡೆದಳು. ನಡೆದು ನಡೆದು ನಿಂತದ್ದು ಹಿತ್ತಿಲ ಬಾಗಿಲ ಮುಂದೆ.

ಎರಡು ಹಳೆಯ ಹಲಗೆ, ಕೆಳಗೆ ಎರಡು ಬೆರಳು ಸಂದಿ. ಹಿಂದೆ ಆ ಬಾಗಿಲು ಕೊಟ್ಟಿಗೆಗೆ ತೆರೆಯುತ್ತಿತ್ತು. ಆರು ದನದ ಉಸಿರು ಅದಕ್ಕೆ ಒತ್ತಿಕೊಂಡಿರುತ್ತಿತ್ತು. ಈಗ ಅದರಾಚೆ ಬಯಲು. ಬಯಲಿನಾಚೆ ಬಡಗಣ ಗಾಳಿ. ಕಳ್ಳ ಸಿಕ್ಕಿದ್ದ. ಕಳ್ಳ ಬರುತ್ತಿದ್ದದ್ದು ಅವಳು ಬರುವ ಬಾಗಿಲಿಂದಲೇ.

ಹೊಸಕೋಟೆಗೆ ಹೊರಟು ನಿಂತಿದ್ದ ಗೋಪಾಲಪ್ಪ ಅವಳ ಮಾತು ಕೇಳಿ ಮೊದಲು ನಕ್ಕ. "ಆ ಬಾಗಿಲು ಮುಚ್ಚಿದ್ರೆ ನೀನು ಎಲ್ಲಿಂದ ಬರ್ತೀಯೆ?"

"ಅದನ್ನ ನೀವು ಹೇಳ್ಬೇಕು ಬುದ್ಧಿ."

ನಗು ನಿಂತಿತು. "ಪುರುಡು ಕಳೀಲಿ. ಹನ್ನೊಂದನೇ ದಿನ ಮುಚ್ಚೋಣ. ಆಮೇಲೆ ನಿನಗೆ ಒಳಗೆ ಕೆಲಸ ಇರಲ್ಲ."

"ಹಿಂದಿನ ಕೂಸು ಒಂಬತ್ತಕ್ಕೆ ಹೋಯ್ತು ಬುದ್ಧಿ. ಹನ್ನೊಂದಕ್ಕೆ ಕಾಯಲಿಲ್ಲ."

ಆ ಮಾತು ಗೋಪಾಲಪ್ಪನಿಗೆ ತಾಗದೆ ಇರಲಿಲ್ಲ. ತಾಗಿದ್ದಕ್ಕೇ ಅವನಿಗೆ ಸಿಟ್ಟು ಬಂತು. "ನನಗೆ ಎದುರು ಮಾತಾಡೋ ಹಂಗಾದ್ಯಾ? ಹೊರಗಡೆಯಿಂದ ಬಾಗಿಲು ಮುಚ್ಚಿ ಹೊರಗೇ ಇರು, ಹೋಗು," ಎಂದು ಬಸ್ಸಿಗೆ ನಡೆದ.

ಮಾರಕ್ಕ ಗುಡಿಸಲಿಗೆ ಬಂದಳು. ಜವರಪ್ಪ ಇನ್ನೊಂದು ಗೋಡೆ ಎತ್ತಲೆಂದು ಮಣ್ಣು ತಿದ್ದಿ ಒಣಗಿಸಿದ ಸುಡದ ಇಟ್ಟಿಗೆಯನ್ನು ಸಾಲಾಗಿ ಪೇರಿಸಿದ್ದ. ಅವಳು ಅದರ ಮೇಲೆ ಕುಳಿತಳು.

"ಹೊರಗಿಂದ ಮುಚ್ಚಿ ಅಂದ್ರಲ್ಲ, ಮುಚ್ಚಿ ಬಂದ್ಬಿಡಾನ," ಎಂದ ಜವರಪ್ಪ.

"ಹೊರಗಡೆ ಒಂದೇ ಮೆತ್ತಿದ್ರೆ ನಿಲ್ಲುತ್ತಾ? ಇಟ್ಟಿಗೆ ಸಂದಿ ಒಳಗೂ ಮೆತ್ಬೇಕು. ಅಲ್ಲದೆ ಕೂಸು ಇನ್ನೂ ಹತ್ತಿ ಬತ್ತೀಲಿ ಹಾಲು ಕುಡೀತೈತೆ. ಅಮ್ಮಯಮ್ಮಂಗೆ ಕೈ ನಡುಗುತ್ತೆ. ನಾನು ಒಳಗಿರ್ಬೇಕು."

"ಒಳಗಿಂದ ಮೆತ್ತಿ ಆಮೇಲೆ ಹೆಂಗೆ ಬರ್ತೀಯೆ? ಹೆಂಚು ತೆಗೆದು ಹಾರ್ಕೊಂಡು ಬರ್ತೀಯಾ?"

"ಎಲ್ಲಾರೂ ಬರೋ ಕಡೆಯಿಂದ."

ಜವರಪ್ಪ ಗಂಟಲೊಳಗೇ ನಕ್ಕ. ಅವಳು ನಗುತ್ತಿರಲಿಲ್ಲ. "ಹೊಲ ಬಿಡಿಸ್ತಾರೆ ಕಣೇ," ಎಂದ ಮೆಲ್ಲಗೆ.

ಹೊಲ ಹೋದರೆ ಏನಾಗುತ್ತದೆಂದು ಮಾರಕ್ಕನಿಗೆ ಗಂಡನಿಗಿಂತ ಚೆನ್ನಾಗಿ ಗೊತ್ತಿತ್ತು. ರಾಗಿ ಬೀಸುವವಳು ಅವಳೇ ತಾನೆ. ಅವಳು ತನ್ನ ಕೈ ನೋಡಿಕೊಂಡಳು. ಎರಡು ವರ್ಷದ ಹಿಂದೆ ಆ ಕೈಗೆ ಬಂದದ್ದು ಒಂದು ಸಣ್ಣ ಗಂಟು. ಹಗುರ ಇತ್ತು, ಕೋಳಿಮರಿ ಇದ್ದಷ್ಟು. ಅದು ಯಾವ ದೇವರ ಮುನಿಸಿಗೂ ಸತ್ತದ್ದಲ್ಲ. ಚಳಿಗೆ ಸತ್ತದ್ದು. ಬಾಗಿಲ ಸಂದಿಯ ಎರಡು ಬೆರಳಿಗೆ ಸತ್ತದ್ದು. ಆಗ ಅವಳಿಗೆ ಇದು ತಿಳಿದಿರಲಿಲ್ಲ. ಈಗ ತಿಳಿದಿದೆ. ತಿಳಿದ ಮೇಲೂ ತಾನು ಅದೇ ಬಾಗಿಲಲ್ಲಿ ತಲೆ ತಗ್ಗಿಸಿ ಬಂದು ಹೋದರೆ, ಆ ಸಂದಿಯಲ್ಲಿ ಬರುವ ಗಾಳಿಗೂ ತನಗೂ ಏನು ವ್ಯತ್ಯಾಸ?

"ಇಟ್ಟಿಗೆ ಹೊರು," ಎಂದಳು.

ಬೇಡ ಎನ್ನಬಹುದಾಗಿದ್ದವಳು ಅಮ್ಮಯಮ್ಮ ಒಬ್ಬಳೇ. ಮಾರಕ್ಕ ಅವಳಿಗೆ ಏನನ್ನೂ ಮುಚ್ಚಿಡಲಿಲ್ಲ: ಮುಚ್ಚಿದ ಮೇಲೆ ನಾನು ನಿಮ್ಮ ನಡುಮನೆಯಲ್ಲೇ ಹೋಗಬೇಕು, ತಲೆಬಾಗಿಲಲ್ಲೇ ಇಳಿಯಬೇಕು, ನಾಳೆ ಅಲ್ಲಿಂದಲೇ ಬರಬೇಕು. ಅಮ್ಮಯಮ್ಮ ಮಗಳ ಮುಖ ನೋಡಿದಳು, ಅಟ್ಟ ನೋಡಿದಳು. "ಅವರು ಬರೋದು ದನ ಬರೋ ಹೊತ್ತಿಗೆ," ಎಂದಳು. ಅಷ್ಟೇ ಅವಳ ಒಪ್ಪಿಗೆ.

ಹಲಗೆ ಬಾಗಿಲು ಕಿತ್ತರು. ಹೊರಗೆ ಜವರಪ್ಪ, ಒಳಗೆ ಮಾರಕ್ಕ, ನಡುವೆ ಇಟ್ಟಿಗೆಯ ಸಾಲು ಏರತೊಡಗಿತು. ಮೊಣಕಾಲು, ಸೊಂಟ, ಎದೆ. ಕೊನೆಯ ಇಟ್ಟಿಗೆಯಷ್ಟು ಜಾಗ ಉಳಿದಾಗ ಅದರಲ್ಲಿ ಜವರಪ್ಪನ ಒಂದು ಕಣ್ಣು, ಅರ್ಧ ಮೀಸೆ ಕಂಡಿತು.

"ಮುಚ್ಲೇನೇ?"

"ಮುಚ್ಚು."

ಬೆಳಕು ಹೋಯಿತು. ಹೊರಗಡೆ, ಮುಚ್ಚಿದ ಬಾಗಿಲಿಗೆ ಒತ್ತಿಕೊಂಡಂತೆ, ಜವರಪ್ಪ ಬಾಣಂತಿಯ ನೀರೊಲೆ ಕಟ್ಟಿದ. ಇದೂ ಮಾರಕ್ಕನದೇ ಲೆಕ್ಕಾಚಾರ: ಎರೆಯುವ ನೀರಿಗೆ ಹೇಗೂ ದಿನಾ ಬೆಂಕಿ ಹಾಕಬೇಕು, ಆ ಬೆಂಕಿ ಬಯಲಲ್ಲಿ ಉರಿಯುವ ಬದಲು ಗೋಡೆಯ ಬೆನ್ನಿಗೆ ಉರಿಯಲಿ. ಇಟ್ಟಿಗೆ ಬಿಸಿ ಕುಡಿದು ರಾತ್ರಿಯೆಲ್ಲ ಒಳಗೆ ಉಸಿರು ಬಿಡುತ್ತದೆ. ಅಗ್ಗಿಷ್ಟಿಕೆಯನ್ನು ಅವಳು ಹೊರಗೆ ಕಳಿಸಿದಳು. "ಮುಚ್ಚಿದ ಕೋಣೇಲಿ ಇದ್ದಿಲು ಇಟ್ರೆ ತಾಯಿ ಮಗು ನಿದ್ದೇಲೇ ಹೋಗ್ತಾರೆ," ಎಂದು ಅಮ್ಮಯಮ್ಮನಿಗೆ ಎರಡು ಸಲ ಹೇಳಿ, ನಡುಮನೆಯ ಕಡೆ ಅಟ್ಟದ ಕೆಳಗೆ ಮುಷ್ಟಿಯಷ್ಟು ಕಿಂಡಿ ಬಿಟ್ಟಳು.

ಹೊತ್ತು ಇಳಿಯುವಾಗ ಗೋಡೆ ಬೆಚ್ಚಗಾಯಿತು. ಮೊದಲು ಬೆರಳಿಗೆ ಮಾತ್ರ ತಿಳಿಯುವಷ್ಟು, ಆಮೇಲೆ ಅಂಗೈಗೆ. ಎರಡು ಕೆಂಡ ತರಿಸಿ ಕೊನೆಯ ಸಲ ಲೋಬಾನ ಹಾಕಿದಳು. ಹೊಗೆ ಎದ್ದಿತು, ನೂಲು ಹಿಡಿದಂತೆ ನೆಟ್ಟಗೆ ನಿಂತಿತು. ಭಾಗ್ಯಮ್ಮ ಕೂಸಿನ ಪಾದವನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಹಾಗೇ ಕಣ್ಣು ಮುಚ್ಚಿದಳು.

ಗೋಪಾಲಪ್ಪ ಆ ದಿನ ದನಕ್ಕಿಂತ ಮುಂಚೆ ಬಂದ.

ಮಾರಕ್ಕ ಆಗತಾನೆ ಕೋಣೆಯಿಂದ ನಡುಮನೆಗೆ ಕಾಲಿಟ್ಟಿದ್ದಳು. ಮೊಣಕೈವರೆಗೆ ಕೆಸರು. ತಲೆಬಾಗಿಲಲ್ಲಿ ಬೆಳಕಿಗೆ ಅಡ್ಡವಾಗಿ ಅವನು ನಿಂತದ್ದು ಕಂಡು ಅಲ್ಲೇ ನಿಂತಳು. ಇಬ್ಬರ ನಡುವೆ ನಾಲ್ಕು ಮಾರು ನೆಲವೂ ಇರಲಿಲ್ಲ, ಅವಳು ಇಷ್ಟು ವರ್ಷದಲ್ಲಿ ಒಮ್ಮೆಯೂ ತುಳಿಯದ ನೆಲ.

"ಏಯ್! ಯಾರೇ ನಿನ್ನ ಇಲ್ಲಿಗೆ ಬಿಟ್ಟೋರು? ನಡಿ ಹೊರಗೆ!"

"ಹೋಗ್ತೀನಿ ಬುದ್ಧಿ. ಬಾಗಿಲಲ್ಲಿ ನೀವೇ ನಿಂತಿದ್ದೀರ."

"ಬಂದ ದಾರೀಲೇ ಹೋಗು."

"ಬಂದ ದಾರಿ ಇಲ್ಲ. ಮುಚ್ಚಿದೀವಿ."

"ಒಡೀರಿ ಅದನ್ನ! ಜವರಾ! ಲೇ ಜವರಾ! ಗುದ್ದಲಿ ತಗೊಂಡು ಬಾರಲಾ!"

ಹಿತ್ತಿಲಿಂದ ಉತ್ತರ ಬರಲಿಲ್ಲ. ಉತ್ತರ ಬಂದದ್ದು ಕೋಣೆಯಿಂದ, ಬಾಣಂತಿಯ ಸೋತ ದನಿಯಲ್ಲಿ. "ಒಡೆಸಪ್ಪಾ. ಒಡೆಸೋಕೆ ಮುಂಚೆ ಒಂದು ಸಲ ಬಂದು ಕೂಸಿನ ಕಾಲು ಮುಟ್ಟಿ ನೋಡು."

ಆಮೇಲೆ ಅಮ್ಮಯಮ್ಮ ಗಂಡನನ್ನು ನೇರ ನೋಡದೆ, ಕಂಬಕ್ಕೆ ಹೇಳುವಂತೆ ಹೇಳಿದಳು: "ಪುರುಡು ಮನೆಗೇ ಐತೆ. ಹತ್ತು ದಿನ ನಮಗೂ ದೇವರ ಕೋಣೆ ಇಲ್ಲ. ಇವತ್ತು ಈ ಮನೇಲಿ ಅವಳೂ ಮೈಲಿಗೆ, ನಾವೂ ಮೈಲಿಗೆ. ಯಾರಿಂದ ಯಾರಿಗೆ ಹತ್ತುತ್ತೆ?"

ಗೋಪಾಲಪ್ಪ ಚಪ್ಪಲಿ ಬಿಟ್ಟು ಗೋಡೆಗುಂಟ ನಡೆದು ಬಂದ, ಮಾರಕ್ಕನಿಂದ ಆದಷ್ಟು ದೂರವಾಗಿ. ಕೋಣೆಯ ಹೊಸಿಲ ಬಳಿ ನಿಂತ. ಒಳಗೆ ಹೋಗಲಿಲ್ಲ, ಕೂಸಿನ ಕಾಲು ಮುಟ್ಟಲಿಲ್ಲ. ಬೆಚ್ಚನೆಯ ಗಾಳಿ ಬಂದು ಅವನ ಮುಖಕ್ಕೆ ತಾಗಿತು. ಅವನು ತಲೆಯೆತ್ತಿ ಅಟ್ಟದ ಕಡೆ ನೋಡಿದ. ತಾತನ ಕಾಲದ ಮಣ್ಣು ತಟ್ಟಿಯ ಸಂದಿಯಲ್ಲಿ ಅಲ್ಲಲ್ಲಿ ಕಾಣುತ್ತಿತ್ತು. ಆ ನೋಟದಲ್ಲಿ ಏನಿತ್ತೋ, ಮಾರಕ್ಕ ತಿಳಿಯಲು ಹೋಗಲಿಲ್ಲ. ಅವಳು ನೋಡುತ್ತಿದ್ದದ್ದು ಖಾಲಿಯಾದ ತಲೆಬಾಗಿಲನ್ನು.

ನಡೆದಳು. ಓಡಲಿಲ್ಲ. ತಣ್ಣನೆಯ ನೆಲ, ಎಣ್ಣೆ ಹಚ್ಚಿದ ಹೊಸಿಲು, ಮೂರು ಕಲ್ಲಿನ ಮೆಟ್ಟಿಲು. ಬೀದಿಯಲ್ಲಿ ನೀರು ಹೊತ್ತು ಹೋಗುತ್ತಿದ್ದ ಇಬ್ಬರು ಹೆಂಗಸರು ಕೊಡ ಹಿಡಿದುಕೊಂಡೇ ನಿಂತರು. ಹಿಂದಿನಿಂದ ಗೋಪಾಲಪ್ಪನ ದನಿ ಕೇಳಿತು, "ನೆಲ ತೊಳಿ." ಅಮ್ಮಯಮ್ಮನ ದನಿಯೂ ಕೇಳಿತು, "ನೀರು ಬಾಣಂತಿಗೆ ಕಾಯ್ತಾ ಐತೆ. ಹನ್ನೊಂದನೇ ದಿನ ಹೆಂಗೂ ತೊಳೀಬೇಕಲ್ಲ."

ಎಂಟನೆಯ ದಿನ ಮಾರಕ್ಕ ತಲೆಬಾಗಿಲಿಂದ ಬಂದಳು. ಗೋಪಾಲಪ್ಪ ಹೊಲಕ್ಕೆ ಹೋಗಿದ್ದ, ಅಥವಾ ಹೋಗಿದ್ದೇನೆಂದು ಹೇಳಿಸಿದ್ದ. ಒಂಬತ್ತನೆಯ ದಿನ ಬೆಳಕು ಹರಿಯುವ ಮುಂಚೆಯೇ ಬಂದಳು. ಅಮ್ಮಯಮ್ಮ ಕದ ತೆರೆದು, ಮಾತಾಡದೆ, ಕೋಣೆಯ ಕಡೆ ಕೈ ತೋರಿಸಿದಳು. ಭಾಗ್ಯಮ್ಮ ಕುಳಿತೇ ನಿದ್ದೆ ಹೋಗಿದ್ದಳು. ಕೂಸು ಅವಳ ಎದೆಗೆ ಬಾಯಿ ಹಚ್ಚಿಕೊಂಡು, ಯಾರೂ ಕಲಿಸದೆ, ಚಪ್ಪರಿಸುತ್ತಿತ್ತು. ಮಾರಕ್ಕ ಹತ್ತಿ ಬತ್ತಿಯನ್ನು ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಹನ್ನೊಂದನೆಯ ದಿನ ಮನೆ ಸಾರಿಸಿದರು, ಮಿಂದರು, ಪುರುಡು ಕಳೆಯಿತು. ಸೀರೆ, ರಾಗಿ ಕೇರಿಗೇ ಹೋಯಿತು. ಬರಬೇಕಾಗಿಲ್ಲ ಎಂಬ ಮಾತೂ ಅದರ ಜೊತೆಯಲ್ಲೇ ಇತ್ತು. ಹೊಲದ ಮಾತು ಮಾತ್ರ ಗೋಪಾಲಪ್ಪನ ಬಾಯಿಂದ ಇನ್ನೂ ಬಂದಿರಲಿಲ್ಲ. "ಬರದೆ ಇದ್ದದ್ದನ್ನ ನೀನೇ ಹೋಗಿ ಕರೀಬೇಡ," ಎಂದ ಜವರಪ್ಪ. ಮಾರಕ್ಕ ಹಳೆಯ ಸೀರೆಯಲ್ಲೇ ಹೊರಟಳು.

ಗೋಪಾಲಪ್ಪ ಜಗಲಿಯ ಮೇಲೆ ಕುಳಿತಿದ್ದ. ಎರಡೂ ಕಾಲು ಮೆಟ್ಟಿಲಿನ ಮೇಲೆ ಅಡ್ಡ ಚಾಚಿದ್ದ.

"ಪುರುಡು ಕಳೀತು ಮಾರಕ್ಕ," ಎಂದ. ಅವಳ ಹೆಸರಿಗೆ ಅಕ್ಕ ಸೇರಿಸಿ ಅವನು ಕರೆದದ್ದು ಅದೇ ಮೊದಲು. ಅದರಲ್ಲಿ ಗೌರವಕ್ಕಿಂತ ಬೇಡಿಕೆಯೇ ಹೆಚ್ಚಿತ್ತು.

"ಗೊತ್ತು ಬುದ್ಧಿ. ಗೋಡೆ ನೋಡೋಕೆ ಬಂದೆ. ಬೆಂಕಿ ತಾಗೋ ಕಡೆ ಬಿರುಕು ಬಿಡುತ್ತೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗೋ ತಂಕ ದಿನಾ ನೋಡಿ ಮೆತ್ಬೇಕು. ಮಣ್ಣಿಗೆ ಹನ್ನೊಂದನೇ ದಿನ ಅಂದ್ರೆ ಗೊತ್ತಾಗಲ್ಲ."

"ಹೊರಗಿಂದ ನೋಡು."

"ಹೊರಗಿನ ಬಿರುಕು ಹೊರಗಿಂದ ಕಾಣ್ತದೆ."

ಗಾಳಿ ಬೀಸಿತು. ಮೇಲೆಲ್ಲೋ ಒಂದು ಹೆಂಚು ಕಟಕಟಿಸಿತು. ಗೋಪಾಲಪ್ಪ ಬೀದಿಯ ಆ ತುದಿ ನೋಡಿದ, ಈ ತುದಿ ನೋಡಿದ. ಮಾರಕ್ಕ ಕೈಯಲ್ಲಿ ಒಂದು ಹಿಡಿ ಕಲಸಿದ ಮಣ್ಣು ಹಿಡಿದುಕೊಂಡು ಮೆಟ್ಟಿಲ ಕೆಳಗೆ ನಿಂತೇ ಇದ್ದಳು. ಬೇಡಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಒಳಗೆ ಕೂಸು ಅತ್ತಿತು. ಗಟ್ಟಿಯಾಗಿ, ಬೀದಿಗೆ ಕೇಳುವಂತೆ.

ಗೋಪಾಲಪ್ಪ ಮುಖ ಅತ್ತ ತಿರುಗಿಸಿ, ಕಾಲು ಮಡಿಸಿಕೊಂಡ.